ಮಾವನ ಜನರೇಟರು, ತಾರಸಿಯ ಬಿಸಿಲು

ಜೂನ್ 3, ಸೋಮವಾರ

"ಗೊಣಗೋದೆಲ್ಲ ಒಂದು ಪುಸ್ತಕದಲ್ಲಿ ಗೊಣಗಿ, ನನ್ನ ಕಿವಿಗೆ ಸಾಕಾಗಿದೆ," ಎಂದು ಹೆಂಡತಿ ಡ್ಯೂಟಿಗೆ ಹೊರಡುವಾಗ ಹೇಳಿಹೋದಳು. ಅದಕ್ಕೇ ಈ ಬರವಣಿಗೆ. ಅವಳು ನರ್ಸು. ಊರಿನ ರೋಗಿಗಳನ್ನೆಲ್ಲ ಅವಳು ನೋಡಿಕೊಳ್ಳುತ್ತಾಳೆ. ಅವಳ ಅಪ್ಪನನ್ನು ನೋಡಿಕೊಳ್ಳುವ ಪಾಳಿ ನನ್ನದು. ಮನೆಯಲ್ಲಿ ಕೂತು ಬಟ್ಟೆ ಹೊಲಿಯುವ ಗಂಡಸೆಂದರೆ ಮನೆಯಲ್ಲಿ ಸುಮ್ಮನೆ ಕೂತಿರುವ ಗಂಡಸು ಎಂದೇ ಎಲ್ಲರ ಲೆಕ್ಕ.

ಮಾವ ಹೋದ ತಿಂಗಳು ಆಸ್ಪತ್ರೆಯಿಂದ ನೇರ ಇಲ್ಲಿಗೇ ಬಂದರು. ಶ್ವಾಸಕೋಶ ಹಾಳಾಗಿದೆ. ಟಾಕೀಸಿನ ಹಿಂದಿನ ಶೆಡ್ಡಿನಲ್ಲಿ ಜನರೇಟರ್ ಆಪರೇಟರಾಗಿ ದುಡಿದವರು. ಆಯಸ್ಸೆಲ್ಲ ಡೀಸೆಲ್ ಹೊಗೆಯಲ್ಲೇ ಸವೆಯಿತು. ಈಗ ಹಜಾರದ ಮೂಲೆಯಲ್ಲಿರುವ ಮೆಷಿನ್ನು ಗಾಳಿಯಿಂದ ಆಕ್ಸಿಜನ್ ಸೋಸಿ, ಸಣ್ಣ ಕೊಳವೆಯಲ್ಲಿ ಅವರ ಮೂಗಿಗೆ ಕಳಿಸುತ್ತಿರುತ್ತದೆ. ಕರೆಂಟ್ ಹೋದರೆ ಅದು ಕೀ ಎಂದು ಅರಚುತ್ತದೆ. ನಾನು ಕತ್ತರಿ ಬಿಸಾಕಿ ಓಡಬೇಕು, ಆಕ್ಸಿಜನ್ ಸಿಲಿಂಡರಿನ ನಲ್ಲಿ ತಿರುಗಿಸಬೇಕು, ಕೊಳವೆ ಬದಲಿಸಬೇಕು. ಕರೆಂಟ್ ಬಂದ ಮೇಲೆ ಮತ್ತೆ ಅದೇ, ಹಿಂದುಮುಂದಾಗಿ.

ಊರ ಹೊರಗಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿದೆಯಂತೆ. ಹೊಸದು ಬರಲು ತಿಂಗಳುಗಟ್ಟಲೆ ಬೇಕಂತೆ. ಅಲ್ಲಿಯವರೆಗೆ ಬಡಾವಣೆಗಳು ಸರದಿಯ ಮೇಲೆ ಕತ್ತಲಲ್ಲಿರಬೇಕಂತೆ. ಇವತ್ತು ಕರೆಂಟ್ ಹೋಯಿತು, ಬಂತು, ನಾನು ಕೂರುವಷ್ಟರಲ್ಲಿ ಮತ್ತೆ ಹೋಯಿತು. ಶಾಲೆ ಶುರುವಾಗಿದೆ, ಯೂನಿಫಾರಂ ರಾಶಿ ಬಿದ್ದಿದೆ. ಹೊಲಿಗೆ ಮೆಷಿನ್ನಿನ ಮೋಟಾರು ಬಿಚ್ಚಿ, ಹಳೇ ಕಾಲದಂತೆ ತುಳಿಯುತ್ತಿದ್ದೇನೆ. ಮೊಣಕಾಲು ಬೈಯುತ್ತಿದೆ.

ಮಾವ ನನ್ನನ್ನು ಅಳಿಯ ಎಂದು ಬಾಯ್ತುಂಬ ಕರೆದದ್ದಿಲ್ಲ. "ಟೇಲರ್ರೇ, ನೀರು ಕೊಡಿ." ಬಹುವಚನಕ್ಕೇನೂ ಕೊರತೆಯಿಲ್ಲ. ಅದರೊಳಗೆ ಸೂಜಿ ಇಟ್ಟಿರುತ್ತಾರೆ, ಅಷ್ಟೇ.

ಜೂನ್ 5, ಬುಧವಾರ

ಸಿಲಿಂಡರ್ ತರುವ ಗಾಡಿ ಬರಲಿಲ್ಲ. ಊರಲ್ಲೆಲ್ಲ ಬೇಡಿಕೆ ಹೆಚ್ಚಿದೆ ಎಂದರು ಫೋನಿನಲ್ಲಿ. ಇದ್ದದ್ದರ ಮೀಟರಿನ ಮುಳ್ಳು ಕೆಂಪು ಗೆರೆಯ ಕಡೆ ಜಾರುತ್ತಿತ್ತು. ಆಗ ಪಕ್ಕದ ಮನೆಯ ಮೇಷ್ಟ್ರು ನೆನಪಾದರು. ಅವರ ತಾರಸಿಯ ತುಂಬ ಸೋಲಾರ್ ಪ್ಯಾನಲ್ಲು. ಹಾಕಿಸಿದ ವರ್ಷ ಬೀದಿಯಲ್ಲಿ ಯಾರು ಸಿಕ್ಕಿದರೂ ಅದೇ ಉಪನ್ಯಾಸ. ಮಟಮಟ ಮಧ್ಯಾಹ್ನ, ಸುಡುಬಿಸಿಲು. ನಾನು ಉದ್ದನೆಯ ವೈರು ಹೆಗಲಿಗೆ ಹಾಕಿಕೊಂಡು ಗೋಡೆಯ ಬಳಿ ಹೋಗಿ ಕೂಗಿದೆ.

"ಮೇಷ್ಟ್ರೇ, ಒಂದು ಪ್ಲಗ್ ಕೊಡಿ. ಮಾವನ ಮೆಷಿನ್ನಿಗೆ."

ಮೇಷ್ಟ್ರು ಬೀಸಣಿಗೆ ಹಿಡಿದು ಬಂದರು. ಬೀಸಣಿಗೆ ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು.

"ನಮ್ಮಲ್ಲೂ ಇಲ್ಲಪ್ಪಾ."

"ಮೇಲೆ ಅಷ್ಟು ಬಿಸಿಲು ಬಿದ್ದಿದೆಯಲ್ಲ?"

"ಬಿದ್ದಿದೆ. ಆದ್ರೆ ಇದು ಲೈನಿಗೆ ಕರೆಂಟ್ ಕೊಡೋ ಜಾತಿ. ಲೈನಲ್ಲಿ ಕರೆಂಟ್ ಇಲ್ದಿದ್ರೆ ತಾನಾಗೇ ಬಂದ್ ಆಗುತ್ತೆ. ಇಲ್ಲಾಂದ್ರೆ ಕಂಬ ಹತ್ತಿರೋ ಲೈನ್‌ಮನ್‌ಗೆ ನಮ್ಮ ಮನೆ ಕರೆಂಟ್ ಹೊಡೆಯುತ್ತಂತೆ." ದನಿ ತಗ್ಗಿಸಿ ಹೇಳಿದರು: "ಬ್ಯಾಟರಿ ಬೇಡ ಅಂತ ನಾನೇ ಹೇಳಿದ್ದೆ. ಕರೆಂಟ್ ಎಲ್ಲಿ ಹೋಗುತ್ತೆ ಅಂತ."

ವೈರು ಸುತ್ತಿಕೊಂಡು ವಾಪಸು ಬಂದೆ. ಹೆಂಡತಿ ಆಸ್ಪತ್ರೆಯಿಂದ ಕಾಡಿಬೇಡಿ ಒಂದು ಸಿಲಿಂಡರ್ ಆಟೋದಲ್ಲಿ ಕಳಿಸಿದಳು. ಮಾವ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಉಸಿರು ಹತ್ತದಿದ್ದರೂ ನಗಲು ಮಾತ್ರ ಹೇಗೋ ಉಸಿರು ಸಿಕ್ಕಿತು.

ಜೂನ್ 9, ಭಾನುವಾರ

ಹೆಂಡತಿಗೆ ರಜೆ. ಊಟದ ಮೇಜಿನಲ್ಲೇ ಪಂಚಾಯಿತಿ. ಅವಳ ಮಾತು ಒಂದೇ: "ಏನಾದ್ರೂ ಮಾಡಿ, ಬೇಗ ಮಾಡಿ. ಇನ್ನೊಂದ್ಸಲ ನಾನು ಸಿಲಿಂಡರ್ ಕೇಳಕ್ಕೆ ಹೋದ್ರೆ ಮೇಟ್ರನ್ ನನ್ನನ್ನೇ ಸಿಲಿಂಡರ್ ಮಾಡ್ತಾರೆ."

ನಾನು ಸೋಲಾರ್ ಎಂದೆ. ಬ್ಯಾಟರಿ ಇರುವಂಥದ್ದು. ಸದ್ದಿಲ್ಲ, ಹೊಗೆಯಿಲ್ಲ, ದಿನಾ ಕೊಂಡು ತರುವ ಎಣ್ಣೆಯಿಲ್ಲ.

ಮಾವ ತಟ್ಟೆ ಪಕ್ಕಕ್ಕೆ ಸರಿಸಿದರು. ಅವರಿಗೆ ಒಂದುಸಿರಿಗೆ ನಾಲ್ಕು ಮಾತಿಗಿಂತ ಹೆಚ್ಚು ಬರುವುದಿಲ್ಲ. ಹಾಗಾಗಿ ಪ್ರತಿ ಮಾತೂ ತೀರ್ಪಿನ ಹಾಗೆ ಬೀಳುತ್ತದೆ.

"ಸೂರ್ಯ ಏನು ನಿಮ್ಮ ಆಳಾ? ಕರೆದ್ರೆ ಬರ್ತಾನಾ?" ಉಸಿರು. "ನನ್ನ ಜನರೇಟರ್. ಹಗ್ಗ ಎಳೆದ್ರೆ. ಬರುತ್ತೆ."

ಟಾಕೀಸು ಮುಚ್ಚಿದ ಮೇಲೆ ಸಭೆ ಸಮಾರಂಭಗಳಿಗೆ ಬಾಡಿಗೆಗೆ ಕೊಡಲೆಂದು ಇಟ್ಟುಕೊಂಡಿದ್ದ ಸಣ್ಣ ಪೆಟ್ರೋಲ್ ಜನರೇಟರು ಅದು. ಅವರ ಬಾಡಿಗೆ ಮನೆಯ ಜಗಲಿಯಲ್ಲಿ ಗೋಣಿ ಹೊದ್ದು ಕೂತಿದೆ.

"ಅಪ್ಪಾ, ಜನರೇಟರ್ ಹೊಗೆಯಿಂದಲೇ ನೀನು ಹೀಗಾಗಿದ್ದು," ಎಂದಳು ಹೆಂಡತಿ.

"ಹೊಗೆಯಿಂದ್ಲೇ. ನಿನ್ನ ನರ್ಸಿಂಗ್ ಓದಿಸಿದ್ದು."

ಅವಳು ಎದ್ದು ಒಳಗೆ ಹೋದಳು. ಇನ್ನು ಮಾತಾಡಿ ಫಲವಿಲ್ಲ. ಸೋಲಾರಿಗೆ ಹೇಗೂ ವಾರಗಟ್ಟಲೆ ಕಾಯಬೇಕು. ಜನರೇಟರು ನಾಳೆಯೇ ತರಬಹುದು. ಮುದುಕರು ಗೆದ್ದರು. ಖರ್ಚಿನ ಮಾತು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿದ್ದೆ ಬರುವುದಿಲ್ಲ.

ಜೂನ್ 14, ಶುಕ್ರವಾರ

ಜನರೇಟರು ಬಂದು ನಾಲ್ಕು ದಿನವಾಯಿತು. ಹಗ್ಗ ಎಳೆದರೆ ಬರುತ್ತದೆ, ನಿಜ. ಜೊತೆಗೆ ನನ್ನ ಭುಜವೂ ಬರುತ್ತದೆ. ಮೊದಲು ಹಿಂಬಾಗಿಲ ಮೆಟ್ಟಿಲ ಬಳಿ ಇಟ್ಟೆವು. ಗಾಳಿ ತಿರುಗಿ ಹೊಗೆ ಹಜಾರಕ್ಕೆ ನುಗ್ಗಿ, ಮಾವ ಕೆಮ್ಮಿ ಕೆಮ್ಮಿ ನೀಲಿಯಾದರು. ಡ್ಯೂಟಿ ಮುಗಿಸಿ ಬಂದ ಹೆಂಡತಿ ಬಾಗಿಲಲ್ಲೇ ನಿಂತು ನನಗೆ ಬೈದಳು: ಹೊಗೆ ಕಾಣಿಸದಿದ್ದರೂ ಆ ಗಾಳಿ ಕೊಲ್ಲುತ್ತದೆ, ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ, ಅಂಥ ಕೇಸುಗಳನ್ನು ಅವಳು ಕಣ್ಣಾರೆ ನೋಡಿದ್ದಾಳೆ. ಈಗ ಅದು ಹಿತ್ತಲ ಕೊನೆಯ ಮೂಲೆಯಲ್ಲಿ, ತಗಡಿನ ಕೆಳಗಿದೆ. ಅದು ನಡೆಯುವಷ್ಟು ಹೊತ್ತು ಕಿಟಕಿಗಳೆಲ್ಲ ಬಂದ್. ಒಳಗೆ ಬೆವರು, ಹೊರಗೆ ಗುಡುಗು.

ಮಾವನನ್ನು ಮುಚ್ಚಿದ ಕಿಟಕಿಯ ಬಳಿ ಕೂರಿಸಿದ್ದೇನೆ. ಗಾಜಿನ ಮೇಲೆ ಬೆರಳಿಟ್ಟುಕೊಂಡಿರುತ್ತಾರೆ. ಏಕೆಂದು ಕೇಳಿದೆ.

"ಅದರುತ್ತೆ," ಎಂದರು. "ಉಸಿರು. ಸರಿ ಇದೆಯೋ. ಗೊತ್ತಾಗುತ್ತೆ."

ಯಾರ ಉಸಿರೆಂದು ಕೇಳಲಿಲ್ಲ.

ಜೂನ್ 17, ಸೋಮವಾರ

ಮೇಷ್ಟ್ರು ಸದ್ದಿನ ಬಗ್ಗೆ ದೂರು ಹೇಳಿಹೋದರು. ಪೆಟ್ರೋಲ್ ಬಂಕಿನಲ್ಲಿ ಕ್ಯಾನು ಹಿಡಿದವರ ಸಾಲು ಬೀದಿ ದಾಟಿ ಹೋಗಿದೆ. ನನ್ನ ಸರದಿ ಬರುವಾಗ ಬಂಕಿನಲ್ಲೇ ಕರೆಂಟ್ ಹೋಯಿತು. ಪಂಪ್ ನಿಂತಿತು. ತಲೆನೋವು.

ಜೂನ್ 21, ಶುಕ್ರವಾರ

ಹಟ ಬಿಡದೆ ನಾನು ಫೋನ್ ಮಾಡಿ ಕರೆಸಿದ್ದ ಸೋಲಾರ್‌ನವಳು ಬಂದಿದ್ದಳು. ಏಣಿಯನ್ನು ತಾನೇ ಹೊತ್ತು ತಂದು, ತಾನೇ ಹತ್ತಿ, ನೀರಿನ ಟ್ಯಾಂಕಿನ ನೆರಳು ಎಲ್ಲೆಲ್ಲಿ ಬೀಳುತ್ತದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಇಳಿದಳು. ಮಾವ ಅವಳನ್ನು ಸಂದರ್ಶನಕ್ಕೆ ಕೂರಿಸಿದರು.

"ಮೋಡ ಬಂದ್ರೆ?"

"ಕಡಿಮೆ ಬರುತ್ತೆ ಅಜ್ಜಾ. ಪೂರ್ತಿ ನಿಲ್ಲಲ್ಲ."

"ರಾತ್ರಿ?"

"ಹಗಲು ತುಂಬಿದ್ದನ್ನ ರಾತ್ರಿ ತಿನ್ನಬೇಕು. ನಿಮ್ಮ ಮೆಷಿನ್ ಒಂದಕ್ಕೇ ಅಂದ್ರೆ ಬೆಳಗಿನವರೆಗೆ ಬರುತ್ತೆ. ಇಸ್ತ್ರಿ, ಗೀಸರ್ ಎಲ್ಲ ಅದಕ್ಕೇ ಜೋಡಿಸಿದ್ರೆ ಬರಲ್ಲ."

"ಮಳೆ. ಮೂರು ದಿನ ಹಿಡಿದ್ರೆ?"

ಅವಳು ಸುಳ್ಳು ಹೇಳಲಿಲ್ಲ. "ಆಗ ನಿಮ್ಮ ಹಿತ್ತಲಲ್ಲಿ ಕೂತಿದೆಯಲ್ಲ, ಅದೇ ಬೇಕು. ಮಾರಬೇಡಿ ಅದನ್ನ."

ಮಾವ ನನ್ನ ಕಡೆ ಹುಬ್ಬೇರಿಸಿದರು, ಕೇಳಿಸಿತೋ ಎಂಬಂತೆ. ಕೇಳಿಸಿತು. ಅವಳ ಕೈಯಲ್ಲಿ ಕೆಲಸ ತುಂಬಾ ಇದೆ. ನಮ್ಮ ಸರದಿ ಜುಲೈಯಲ್ಲಿ. ಅವಳು ಹೋದ ಮೇಲೆ ಮಾವ, "ಹುಡುಗಿ. ಪರವಾಗಿಲ್ಲ," ಎಂದರು. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಅಷ್ಟು ಹೇಳಿಲ್ಲ.

ಜೂನ್ 28, ಶುಕ್ರವಾರ

ಅಂಗೈ ಸುಲಿದಿದೆ, ಅಕ್ಷರ ಸೊಟ್ಟ. ಬರೆದು ಮುಗಿಸುತ್ತೇನೆ.

ನಿನ್ನೆ ಸಂಜೆಯ ಗಾಳಿಮಳೆಗೆ ಮರಗಳು ಬಿದ್ದು, ಇದ್ದಬದ್ದ ಲೈನೂ ಹರಿದುಹೋಯಿತು. ಆಸ್ಪತ್ರೆಯ ರಸ್ತೆಯಲ್ಲಿ ನೀರು ನಿಂತು ಹೆಂಡತಿ ಅಲ್ಲೇ ಸಿಕ್ಕಿಕೊಂಡಳು. ಜನರೇಟರು ರಾತ್ರಿಯೆಲ್ಲ ನಡೆಯಿತು. ಬಂಕು ಮುಚ್ಚಿತ್ತು, ಕೊನೆಗೆ ಹಾಕಿದ್ದು ಬೀದಿಯ ಕೊನೆಯ ಗ್ಯಾರೇಜಿನವನು ಬಾಟಲಿಯಲ್ಲಿ ಕೊಟ್ಟ ಪೆಟ್ರೋಲು. ಬೆಳಿಗ್ಗೆ ತಿಂಡಿ ಹೊತ್ತಿಗೆ ಅದು ಎರಡು ಸಲ ಬಿಕ್ಕಳಿಸಿ ನಿಂತಿತು. ಒಳಗೆ ಮೆಷಿನ್ನು ಅರಚಿತು. ಸಿಲಿಂಡರಿಗೆ ಬದಲಿಸಿದೆ. ಅದೇ ಕಡೆಯದು. ಅರ್ಧವೂ ಇರಲಿಲ್ಲ.

ಹಗ್ಗ ಎಳೆದೆ. ಎಳೆದೆ. ಮಳೆಯಲ್ಲಿ ನಿಂತು ಅಂಗೈ ಸುಲಿಯುವ ಹಾಗೆ ಎಳೆದೆ. ಹಿಂದೆ ಟಣಟಣ ಸದ್ದು. ಮಾವ ಕಿಟಕಿ ತೆರೆದು ಲೋಟದಿಂದ ಸರಳು ಬಡಿಯುತ್ತಿದ್ದರು.

"ಸಾಕು. ಎಣ್ಣೆ ಕಸ. ಕಾರ್ಬೊರೇಟರ್ ಬಿಚ್ಚಿ."

ಪಾನಾ ಹಿಡಿದು ಹೋದೆ. ಮತ್ತೆ ಟಣಟಣ.

"ಮುಟ್ಟಬೇಡಿ! ಕಾದಿದೆ. ಪೆಟ್ರೋಲ್ ಚೆಲ್ಲಿದ್ರೆ. ಭಗ್ಗನೆ ಹೊತ್ಕೊಳ್ಳುತ್ತೆ." ಉಸಿರು. ಇನ್ನೊಂದು ಉಸಿರು. "ತಣೀಲಿ."

ಇಂಜಿನ್ ತಣಿಯಲು ಕಾಯುವುದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಸಿಲಿಂಡರಿನ ಮುಳ್ಳು ನೋಡುವುದು, ಹೊರಗೆ ಬಂದು ಇಂಜಿನ್ನಿನ ಹತ್ತಿರ ಅಂಗೈ ಹಿಡಿಯುವುದು. ಮುಳ್ಳು ಇಳಿಯುತ್ತಿದ್ದಷ್ಟು ಬೇಗ ಇಂಜಿನ್ ತಣಿಯುತ್ತಿರಲಿಲ್ಲ. ಕಾಯಿರಿ ಎಂದವರೇ ಮಾವ. ಆ ಸಿಲಿಂಡರು ಅವರದೇ ಮೂಗಿನದು. ಅವರು ಮಾತ್ರ ಅತ್ತ ಒಮ್ಮೆಯೂ ತಿರುಗಿ ನೋಡಲಿಲ್ಲ. ಟಾಕೀಸಿನಲ್ಲಿ ಕರೆಂಟ್ ಹೋದಾಗ ಜನ ಶಿಳ್ಳೆ ಹಾಕುತ್ತ ಕೂಗುತ್ತಿರುವಾಗಲೂ ಹೀಗೇ ನಿಂತಿರುತ್ತಿದ್ದರೇನೋ.

ಕೊನೆಗೆ ಕೈಯಾಡಿಸಿ, "ಹೂಂ," ಎಂದರು. ಆಮೇಲೆ ಮಾತಿಲ್ಲ, ಉಸಿರುಳಿಸಲು ಬರೀ ಕೈಸನ್ನೆ. ಎಣ್ಣೆಯ ನಲ್ಲಿ ಬಂದ್ ಮಾಡು. ಕೆಳಗಿನ ಬಟ್ಟಲು ಬಿಚ್ಚು. ಒರೆಸು. ನಡುವಿನ ಹಿತ್ತಾಳೆ ತಿರುಪು ತೆಗೆ, ಬೆಳಕಿಗೆ ಹಿಡಿ. ಹಿಡಿದೆ. ಅದರ ನಡುವಿನ ತೂತು ಕಟ್ಟಿಕೊಂಡಿತ್ತು, ಬೆಳಕೇ ದಾಟಲಿಲ್ಲ. ನಾನು ಅಂಗಿಯ ಕಾಲರಿನಲ್ಲಿ ಚುಚ್ಚಿಕೊಂಡಿದ್ದ ಸೂಜಿ ತೆಗೆದೆ. ಲೋಟ ಸರಳಿಗೆ ಬಡಿದ ರಭಸಕ್ಕೆ ಕೈಜಾರಿ ಹಿತ್ತಲಿಗೇ ಬಿತ್ತು.

"ಸೂಜಿ ಬೇಡ! ತೂತು ದೊಡ್ಡದಾಗುತ್ತೆ. ಆಮೇಲೆ. ಜನ್ಮದಲ್ಲಿ ಸರಿಹೋಗಲ್ಲ." ಮಾತಿಗೆ ಉಸಿರು ಸಾಲದೆ ಸರಳು ಹಿಡಿದುಕೊಂಡರು. "ಮೆತ್ತಗಿರೋದು. ಬೇಕು."

ಪ್ಯಾಂಟಿನ ಅಂಚು ಕಾಣದ ಹಾಗೆ ಮಡಚಿ ಹೊಲಿಯಲು ನನ್ನ ಹತ್ತಿರ ನೈಲಾನ್ ನೂಲಿದೆ; ಕೂದಲಿನಷ್ಟು ತೆಳ್ಳಗೆ, ಆದರೆ ಬಾಗದೆ ನೆಟ್ಟಗೆ ನಿಲ್ಲುತ್ತದೆ. ಒಂದು ತುಂಡು ಕತ್ತರಿಸಿ ತಂದೆ. ಮಾವ ಅದನ್ನು ಬೆರಳಲ್ಲಿ ಉಜ್ಜಿ ನೋಡಿ ತಲೆಯಾಡಿಸಿದರು. ಸೂಜಿಗೆ ನೂಲು ಪೋಣಿಸಿದ ಕೈ ನನ್ನದು. ಆ ತೂತಿಗೆ ಪೋಣಿಸುವುದೇನೂ ಹೊಸದಲ್ಲ. ಆಚೆ ಬದಿಯಿಂದ ಕಪ್ಪನೆಯ ಅಂಟಿನ ಚೂರು ಹೊರಬಂತು. ಬೆಳಕಿಗೆ ಹಿಡಿದೆ. ನಕ್ಷತ್ರದಷ್ಟು ಆಕಾಶ ಕಂಡಿತು.

ಎಣ್ಣೆಯನ್ನು ಹಳೇ ಪಂಚೆಯ ತುಂಡಿನಲ್ಲಿ ಸೋಸಿ ಹಾಕಿ, ಹಗ್ಗ ಎಳೆದೆ. ಬಂತು. ಒಳಗೆ ಓಡಿ ಕಿಟಕಿ ಮುಚ್ಚಿ, ಕೊಳವೆ ಬದಲಿಸಿದೆ. ಸಿಲಿಂಡರಿನ ಮುಳ್ಳು ಕೆಂಪು ಗೆರೆಯನ್ನೂ ದಾಟಿತ್ತು. ಮಾವನ ತುಟಿ ನೀಲಿಗಟ್ಟಿತ್ತು. ಅದು ಮತ್ತೆ ಕೆಂಪಾಗುವವರೆಗೂ ನಾನು ನೆಲದ ಮೇಲೇ ಕೂತಿದ್ದೆ.

ಅವರು ಗಾಜಿನ ಮೇಲೆ ಬೆರಳಿಟ್ಟು ಕೇಳಿದರು: "ಯೂನಿಫಾರಂ. ಯಾವಾಗ ಕೊಡ್ಬೇಕಿತ್ತು?"

ಇವತ್ತೇ ಕೊಡಬೇಕಿತ್ತು. ನನಗೆ ಮರೆತೇಹೋಗಿತ್ತು.

ಜೂನ್ 29, ಶನಿವಾರ

ಹೆಂಡತಿ ಬಂದಳು. ಎಲ್ಲ ಕೇಳಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಭಾವಮೈದ ಫೋನ್ ಮಾಡಿದ್ದ. ಹೆಂಡತಿಯ ತಮ್ಮ, ದೊಡ್ಡ ಊರಿನಲ್ಲಿ ಔಷಧ ಕಂಪನಿಯ ಕೆಲಸ, ಎತ್ತರದ ಕಟ್ಟಡದಲ್ಲಿ ಮನೆ. "ಭಾವಾ, ಅಪ್ಪನ್ನ ಇಲ್ಲಿಗೆ ಕಳ್ಸಿಬಿಡಿ. ನಮ್ಮ ಬಿಲ್ಡಿಂಗಿಗೇ ಒಂದು ದೊಡ್ಡ ಜನರೇಟರಿದೆ. ಕರೆಂಟ್ ಹೋಗಿದ್ದೇ ಗೊತ್ತಾಗಲ್ಲ. ಮಗುವಿನ ರೂಮು ಖಾಲಿ ಮಾಡ್ಸಿ, ಮುಂದಿನ ತಿಂಗಳ ಕೊನೆಗೆ ಬರ್ತೀನಿ."

ಒಳ್ಳೆಯದಾಯಿತು. ಒಂದು ತಿಂಗಳು ಹೇಗೋ ತಳ್ಳಿದರೆ ಸಾಕು. ಹಾಗಾದರೆ ಸೋಲಾರ್ ಬೇಡವೇ ಎಂದು ಹೆಂಡತಿ ಕೇಳಿದಳು. ಹೇಳಿಯಾಗಿದೆ, ಈಗ ಬೇಡ ಎನ್ನುವುದು ಸರಿಯಲ್ಲ ಎಂದೆ.

ಜುಲೈ 9, ಮಂಗಳವಾರ

ತಾರಸಿಯ ಮೇಲೆ ಪ್ಯಾನಲ್ಲು ಕೂತವು. ಮೆಟ್ಟಿಲ ಕೆಳಗೆ ಬ್ಯಾಟರಿ, ಹಜಾರದ ಗೋಡೆಗೆ ಒಂದು ಬಿಳಿ ಪೆಟ್ಟಿಗೆ. ಬಿಸಿಲಿನಿಂದ ಎಷ್ಟು ಬಂತು, ಮನೆ ಎಷ್ಟು ತಿಂದಿತು, ಬ್ಯಾಟರಿಯಲ್ಲಿ ಎಷ್ಟು ಉಳಿಯಿತು ಎಂದು ಅದರ ಮುಖದಲ್ಲಿ ಅಂಕಿ ಮೂಡುತ್ತದೆ. ಮಧ್ಯಾಹ್ನ ಬೀದಿಯ ಫ್ಯಾನುಗಳೆಲ್ಲ ನಿಂತವು. ನಮ್ಮಲ್ಲಿ ಮೆಷಿನ್ನು ಅರಚಲಿಲ್ಲ. ನಾನು ಅಭ್ಯಾಸಬಲದಿಂದ ಕತ್ತರಿ ಬಿಸಾಕಿ ಎದ್ದಿದ್ದೆ. ಎದ್ದವನು ಏನು ಮಾಡಬೇಕೆಂದು ತಿಳಿಯದೆ ನಿಂತೇ ಇದ್ದೆ.

ಜುಲೈ 13, ಶನಿವಾರ

ಪ್ಯಾನಲ್ಲು ಕೂತ ಮೊದಲೆರಡು ರಾತ್ರಿ ಮಾವನಿಗೆ ನಿದ್ದೆಯಿಲ್ಲ. ಗಳಿಗೆಗೊಮ್ಮೆ "ನಡೀತಿದೆಯಾ?" ಎನ್ನುತ್ತಿದ್ದರು.

"ನಡೀತಿದೆ ಮಾವ."

"ಸದ್ದೇ ಇಲ್ವಲ್ಲ. ಸದ್ದಿಲ್ದೆ ಕೆಲ್ಸ ಮಾಡೋದನ್ನ. ಹೇಗೆ ನಂಬೋದು?"

"ನಿಮ್ಮ ಮಗಳು ನನ್ನ ಬಗ್ಗೆಯೂ ಅದನ್ನೇ ಹೇಳ್ತಾಳೆ."

ಅವರು ನಕ್ಕು, ಅದು ಕೆಮ್ಮಾಗಿ, ನಾನು ಬೆನ್ನು ನೀವಬೇಕಾಯಿತು. ಆಮೇಲೆ ಅವರ ಕುರ್ಚಿಯನ್ನು ಕಿಟಕಿಯ ಬಳಿಯಿಂದ ಎತ್ತಿ, ಬಿಳಿ ಪೆಟ್ಟಿಗೆಯ ಎದುರಿಗೆ ಹಾಕಿದೆ. ಕನ್ನಡಕವನ್ನೂ ಒರೆಸಿಕೊಟ್ಟೆ. ಅಂಕಿಗಳ ಅರ್ಥ ಒಂದೊಂದಾಗಿ ಹೇಳಿದೆ. ಎರಡನೆಯ ಸಲ ಹೇಳಬೇಕಾಗಲಿಲ್ಲ.

ಅಂದಿನಿಂದ ಮನೆಗೆ ಆಪರೇಟರ್ ಬಂದಂತಾಗಿದೆ. "ಟೇಲರ್ರೇ, ಈಗ ಇಸ್ತ್ರಿ ಹಾಕಿ. ಬಿಸಿಲು ತುಂಬಿದೆ." "ನಿಲ್ಸಿ. ಮೋಡ." ಹೆಂಡತಿ ಮಿಕ್ಸಿ ಹಾಕಿದರೆ ಹಜಾರದಿಂದ ಕೆಮ್ಮು ಬರುತ್ತದೆ, ಅದು ಕಾಯಿಲೆಯ ಕೆಮ್ಮಲ್ಲ. ಮೇಷ್ಟ್ರು ಬಂದು, ತಮ್ಮ ಪ್ಯಾನಲ್ಲುಗಳಿಗೂ ಬ್ಯಾಟರಿ ಜೋಡಿಸಬಹುದೇ ಎಂದು ಮಾವನನ್ನು ಕೇಳಿದರು. ಮಾವ ಅವರನ್ನು ಸಾಕಷ್ಟು ಹೊತ್ತು ನಿಲ್ಲಿಸಿಯೇ ಉತ್ತರ ಕೊಟ್ಟರು.

ಜುಲೈ 24, ಬುಧವಾರ

ವಾರದಿಂದ ಮೋಡ ಕದಲಿಲ್ಲ. ಬ್ಯಾಟರಿ ತುಂಬುವುದಕ್ಕಿಂತ ಖಾಲಿಯಾಗುವುದೇ ಹೆಚ್ಚು. ಬೆಳಿಗ್ಗೆ ಪೆಟ್ಟಿಗೆ ನೋಡಿ ನಾನೇ ಹೇಳಿದೆ: "ಮಾವ, ಸಂಜೆವರೆಗೆ ಕಾಯೋದು ಬೇಡ. ಈಗ್ಲೇ ಸ್ವಲ್ಪ ಹೊತ್ತು ಜನರೇಟರ್ ಹಾಕಿ ಬ್ಯಾಟರಿ ತುಂಬ್ಸೋಣ. ಗಾಳಿ ಆಚೆ ಕಡೆ ಬೀಸ್ತಿದೆ."

"ಅದೇ ಹೇಳೋಣ ಅಂತಿದ್ದೆ. ಚೋಕ್ ಅರ್ಧ ಸಾಕು."

"ಗೊತ್ತು. ತೇವ ಇದೆ, ಮುಕ್ಕಾಲು ಬೇಕು."

ಅವರು ಯೋಚಿಸಿದರು. "ಮುಕ್ಕಾಲು," ಎಂದು ಒಪ್ಪಿಕೊಂಡರು.

ಹೆಂಡತಿ ಬಾಗಿಲಿಗೊರಗಿ ನಿಂತು, "ನೀವಿಬ್ರೂ ಈಗ ಒಂದೇ ಥರ ಮಾತಾಡ್ತೀರಿ ರೀ," ಎಂದಳು. ಏನು ಅರ್ಥವೋ. ಅವಳಿಗೂ ದಣಿವು. ಭಾವಮೈದ ಭಾನುವಾರ ಬರುತ್ತಾನೆ.

ಜುಲೈ 28, ಭಾನುವಾರ

ಮಾವ ಹೋದರು. ಭಾವಮೈದ ಒಳ್ಳೆಯವನು, ಕಾರಿನಲ್ಲಿ ದಿಂಬು ಹಾಕಿಸಿಯೇ ತಂದಿದ್ದ. ನಾನು ಅವನಿಗೆ ಹೇಳಬೇಕಾದ್ದು ಹೇಳಿದೆ: ಮೆಷಿನ್ನಿನ ಬಾಟಲಿಯ ನೀರು ದಿನಾ ಬದಲಿಸಬೇಕು, ಚಹಾ ಉಗುರುಬೆಚ್ಚಗಿರಬೇಕು, ಎಡಗಿವಿಗೆ ಮಾತಾಡಿದರೆ ಕೇಳಿಸುವುದಿಲ್ಲ, ಉತ್ತರಕ್ಕೆ ಅವಸರ ಮಾಡಬಾರದು, ಉಸಿರು ತೆಗೆದುಕೊಂಡ ಮೇಲೆ ಮಾತು ಮುಗಿಸುತ್ತಾರೆ. "ಆಯ್ತು ಭಾವಾ, ಆಯ್ತು," ಎನ್ನುತ್ತಲೇ ಅವನು ಕಾರಿನ ಬೀಗದ ಕೈ ಆಡಿಸುತ್ತಿದ್ದ. ಉಳಿದ ಬಟ್ಟೆಯಲ್ಲಿ ಮಾವನಿಗೆ ಒಂದು ಅಂಗಿ ಹೊಲಿದಿದ್ದೆ, ಭುಜದ ಮೇಲೆ ಸಣ್ಣ ಕುಣಿಕೆಗಳಿಟ್ಟು. ಕೊಳವೆ ಅದರಲ್ಲಿ ಕೂತರೆ ಕುತ್ತಿಗೆಗೆ ಸುತ್ತಿಕೊಳ್ಳುವುದಿಲ್ಲ. ಬಟ್ಟೆ ಸುಮ್ಮನೆ ದಂಡವಾಗುತ್ತಿತ್ತು.

ಮಾವ ಅದನ್ನೇ ತೊಟ್ಟು ಹೋದರು. ಕಾರಿನ ಗಾಜಿಳಿಸಿ, "ಹದಿನೈದು ದಿನಕ್ಕೊಮ್ಮೆ. ಪ್ಯಾನಲ್ ಒರೆಸಿ," ಎಂದರು.

ಅಂತೂ ನಿರಾಳ. ಇಷ್ಟು ದಿನದ ಮೇಲೆ ಕಾಲು ಚಾಚಿ ಮಲಗಬಹುದು.

ಜುಲೈ 31, ಬುಧವಾರ

ಕೆಲಸ ಚೆನ್ನಾಗಿ ಸಾಗುತ್ತಿದೆ. ಬ್ಯಾಟರಿ ತುಂಬಿದೆ, ತಿನ್ನುವವರಿಲ್ಲ. ಕರೆಂಟ್ ಹೋದಾಗ ಎದ್ದು ನಿಂತೆ. ಆಮೇಲೆ ಕೂತೆ.

ಆಗಸ್ಟ್ 3, ಶನಿವಾರ

ಪ್ಯಾನಲ್ ಒರೆಸಿದೆ. ಏನೂ ಧೂಳಿರಲಿಲ್ಲ. ನಿದ್ದೆ ಸರಿಯಾಗಿ ಬರುತ್ತಿಲ್ಲ.

ಆಗಸ್ಟ್ 6, ಮಂಗಳವಾರ

ಭಾವಮೈದನ ಫೋನು. ಅವನ ದನಿ ಕೇಳಿಯೇ ಹೆಂಡತಿ ಗೋಡೆ ಹಿಡಿದಳು. ಮಾವ ಆಸ್ಪತ್ರೆಯಲ್ಲಿದ್ದಾರೆ.

ಆದದ್ದಿಷ್ಟು. ಅಲ್ಲಿ ಅವರಿಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಹಗಲು ಎಲ್ಲರೂ ಕೆಲಸಕ್ಕೆ, ಶಾಲೆಗೆ. ಒಬ್ಬ ಆಯಾ ಇದ್ದಳು. ಕರೆಂಟ್ ಹೋದಾಗ ನೆಲಮಾಳಿಗೆಯಿಂದ ದೊಡ್ಡ ಜನರೇಟರಿನ ಸದ್ದು ಬರುತ್ತಿತ್ತಂತೆ. ಮಾವ ಅದನ್ನು ಕೇಳಿ ಕೇಳಿ, ಅದರಲ್ಲೇನೋ ತಪ್ಪು ಬಡಿತವಿದೆ, ಹೇಳಬೇಕು ಎನ್ನುತ್ತಿದ್ದರಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿನ್ನೆ ಆಯಾ ಬಟ್ಟೆ ಒಣಗಿಸಲು ಹೋದಾಗ, ಸಣ್ಣ ಸಿಲಿಂಡರನ್ನು ಕೈಗಾಡಿಯಲ್ಲಿ ಎಳೆದುಕೊಂಡು, ಲಿಫ್ಟ್ ಹತ್ತಿ ಕೆಳಗಿಳಿದಿದ್ದಾರೆ. ಅಲ್ಲಿನ ಆಪರೇಟರಿಗೆ ಹೇಳಲು. ಹೊಗೆ ತುಂಬಿದ ಆ ಕೋಣೆಯ ಬಾಗಿಲಲ್ಲೇ ಬಿದ್ದರು.

"ನಾವೇನು ಕಮ್ಮಿ ಮಾಡಿದ್ವಿ ಭಾವಾ?" ಎಂದು ಅವನು ಅತ್ತ. ಅವನ ತಪ್ಪೇನಿದೆ. ಅದನ್ನೇ ಹೇಳಿದೆ. ಹೇಳುತ್ತ ಹೇಳುತ್ತ ಚಪ್ಪಲಿ ಹುಡುಕುತ್ತಿದ್ದೆ.

ಆಗಸ್ಟ್ 11, ಭಾನುವಾರ

ಮಾವ ಮನೆಯಲ್ಲಿದ್ದಾರೆ. ಮಲಗಿದ್ದಾರೆ.

ಅಲ್ಲಿ ವಾರ್ಡಿನಲ್ಲಿ ನಾನು ಹೋಗಿ ನಿಂತಾಗ ಮುಖವಾಡದೊಳಗಿಂದ ಏನೋ ಹೇಳಿದರು. ಬಗ್ಗಿ ಬಲಗಿವಿಯ ಹತ್ತಿರ, "ಏನು ಮಾವ?" ಎಂದೆ.

"ಬೆಲ್ಟು ಸಡಿಲ. ಅಷ್ಟೇ. ಹೇಳಿದೀನಿ ಅವನಿಗೆ."

"ಸರಿ ಮಾಡ್ತಾನಂತೆ," ಎಂದೆ. ಸುಳ್ಳಲ್ಲ. ನಾನು ಮೊದಲು ನೆಲಮಾಳಿಗೆಗೆ ಹೋಗಿ ಆ ಆಪರೇಟರನ್ನು ಕಂಡೇ ಬಂದಿದ್ದೆ. ಪಾಪ, ಅವನು ಹೆದರಿ ಬೆಲ್ಟು ಬದಲಿಸಿಬಿಟ್ಟಿದ್ದ. ಈಗ ಸದ್ದು ನುಣ್ಣಗಿದೆ.

ಡಾಕ್ಟರು ಹೊರಗೆ ಕರೆದು ಹೇಳಿದರು. ಇನ್ನು ಮೊದಲಿನಷ್ಟು ಆಕ್ಸಿಜನ್ ಸಾಲದು; ದೊಡ್ಡ ಮೆಷಿನ್ನು ಬೇಕು. ಮಿಕ್ಕಿದ್ದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನನ್ನ ತೋಳು ಮುಟ್ಟಿದರು. ಭಾವಮೈದ, ಅಪ್ಪ ಇಲ್ಲೇ ಇರಲಿ, ದೊಡ್ಡ ಆಸ್ಪತ್ರೆ ಹತ್ತಿರವಿದೆ ಎಂದ. ಅದು ಸರಿಯಾದ ಮಾತೇ. ನಾನು ಬೇಡ ಎಂದೆ.

"ಅಲ್ಲಿ ದಿನಾ ಕರೆಂಟ್ ಹೋಗುತ್ತೆ. ನಿಮಗೆ ಯಾಕೆ ಭಾವಾ ಈ ತಾಪತ್ರಯ?"

"ಅಲ್ಲಿ ಪೆಟ್ಟಿಗೆ ನೋಡೋರಿಲ್ಲ," ಎಂದೆ. ಅವನಿಗೆ ಅರ್ಥವಾಗಲಿಲ್ಲ. ಒಳಗೆ ಹೋಗಿ ಅಪ್ಪನನ್ನೇ ಕೇಳಿದ. ಬರುವಾಗ ಕಣ್ಣೊರೆಸಿಕೊಳ್ಳುತ್ತ ಬಂದು, ಕಾರು ತರುತ್ತೇನೆ ಎಂದ.

ದಾರಿಯುದ್ದಕ್ಕೂ ಮಾವ ನನ್ನ ಭುಜಕ್ಕೆ ಒರಗಿದ್ದರು. ಹಗ್ಗ ಎಳೆದ ಭುಜ, ಇನ್ನೂ ನೋಯುತ್ತದೆ. ಕದಲಿದರೆ ಎಚ್ಚರವಾಗುತ್ತದೆಂದು ಹಾಗೇ ಕೂತೆ. ದಾರಿಯಲ್ಲೇ ಸೋಲಾರ್‌ನವಳಿಗೆ ಫೋನ್ ಮಾಡಿ, ಮೆಲ್ಲಗೆ ವಿಚಾರಿಸಿದೆ. ದೊಡ್ಡ ಮೆಷಿನ್ನು ಹೆಚ್ಚು ತಿನ್ನುತ್ತದೆ. ಇನ್ನೊಂದು ಬ್ಯಾಟರಿ ಬೇಕು, ಟ್ಯಾಂಕಿನ ನೆರಳು ತಪ್ಪಿಸಿ ಇನ್ನೆರಡು ಪ್ಯಾನಲ್ಲು ಕೂರಿಸಬೇಕು ಎಂದಳು.

ಮನೆಗೆ ಬಂದು ಅವರನ್ನು ಮಲಗಿಸಿದ ಮೇಲೆ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ಆಸ್ಪತ್ರೆಯ ಕಾಗದಗಳನ್ನು ಆಗಲೇ ಓದಿದ್ದಳು. ಅವಳು ನರ್ಸು, ಅವಳಿಗೆ ಎಲ್ಲ ಗೊತ್ತಾಗುತ್ತದೆ. ಅಪ್ಪನ ಹೊದಿಕೆ ಸರಿಮಾಡಿ ಬಂದು, ಅಡುಗೆಮನೆಯಲ್ಲಿ ನನ್ನ ಹತ್ತಿರ ನಿಂತು ಕೇಳಿದಳು:

"ಎಷ್ಟು ದಿನಕ್ಕೆ ಅಂತ ರೀ, ಇನ್ನೊಂದು ಬ್ಯಾಟರಿ?"

"ಚಳಿಗಾಲದಲ್ಲಿ ಹಗಲು ಕಡಿಮೆ," ಎಂದೆ. "ಬಿಸಿಲು ಸಾಲಲ್ಲ ಆಗ. ಈಗ್ಲೇ ಹಾಕ್ಸಿಬಿಟ್ರೆ ಒಳ್ಳೇದು."

ಅವಳು ಆಸ್ಪತ್ರೆಯ ಕಾಗದಗಳನ್ನು ಮಡಚಿ ಡಬ್ಬಗಳ ಹಿಂದಕ್ಕೆ ಸರಿಸಿದಳು. ಆಮೇಲೆ, "ಹಾಕ್ಸಿ," ಎಂದಳು.

ಬೆಳಿಗ್ಗೆ ತಾರಸಿ ಹತ್ತಿ ಜಾಗ ಅಳೆಯಬೇಕು.